ಮೈಕಣ್ಣನನ್ನು ವಿಮಾನದಿಂದ ಇಳಿಸಿದ ದಿನ

ರೈಲು ನಿಲ್ದಾಣದಲ್ಲಿ ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ಎಷ್ಟು ತಡ ಎಂದು ಮೈಕಿನಲ್ಲಿ ಹೇಳುವುದು ಅವರ ಕೆಲಸವಾಗಿತ್ತು. ತಲೆ ಕಪ್ಪಗಿದ್ದಾಗ ಆ ಕೋಣೆಗೆ ಹೋಗಿ ಕೂತವರು ಬೆಳ್ಳಗಾದ ಮೇಲೆ ಎದ್ದು ಬಂದರು. ಊರಿನವರು ಅವರಿಗೆ ಮೈಕಣ್ಣ ಎಂದು ಹೆಸರಿಟ್ಟಿದ್ದರು. ಅವರ ಮುಖ ಕಂಡವರು ಕಡಿಮೆ, ದನಿ ಕೇಳದವರು ಇರಲಿಲ್ಲ. ಅಂಗಡಿಯಲ್ಲಿ ನಿಂತು "ಅರ್ಧ ಕಿಲೋ ಈರುಳ್ಳಿ" ಎಂದರೆ ಸಾಕು, ಪಕ್ಕದವರು ಗಕ್ಕನೆ ತಿರುಗಿ, "ಓ, ನೀವೇನಾ ಅದು? ನಿಮ್ಮ ಮಾತು ಕೇಳಿ ನಾನು ಎಷ್ಟು ಸಲ ಓಡಿದೀನಿ ಗೊತ್ತಾ?" ಎಂದು ನಗುತ್ತಿದ್ದರು.

ನಿವೃತ್ತಿಯಾದ ಮರುವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ವ್ಯಾಯಾಮದಿಂದ ಬಹುಮಟ್ಟಿಗೆ ಹತೋಟಿಗೆ ಬಂದವು. ನಡಿಗೆಯಲ್ಲಿ ಸ್ವಲ್ಪ ವಾಲಾಟ ಉಳಿಯಿತು. ಆದರೆ ನಾಲಿಗೆ ಮಾತ್ರ ಮೊದಲಿನಂತಾಗಲಿಲ್ಲ. ಬುದ್ಧಿಗೆ ಏನೂ ಆಗಿರಲಿಲ್ಲ. ಮಾತು ತಲೆಯಲ್ಲಿ ಸರಿಯಾಗಿಯೇ ಹುಟ್ಟುತ್ತಿತ್ತು, ಬಾಯಿಗೆ ಬರುವಷ್ಟರಲ್ಲಿ ನೆನೆದ ಕಂಬಳಿಯಂತೆ ಭಾರವಾಗಿಬಿಡುತ್ತಿತ್ತು. ಅವರು ಒಂದು ಪದವನ್ನು ಎತ್ತಿ ಹೊರಗಿಡುವ ಮೊದಲೇ ಮನೆಯವರು ಮುಂದಿನ ಮೂರನ್ನು ತಾವೇ ಹೇಳಿ ಮುಗಿಸುತ್ತಿದ್ದರು. ಯಾರದೂ ಕೆಟ್ಟ ಉದ್ದೇಶವಲ್ಲ. ಕಷ್ಟಪಡುವುದನ್ನು ನೋಡಲಾಗದೆ ಹಾಗೆ ಮಾಡುತ್ತಿದ್ದರು. ಬರಬರುತ್ತಾ ಮೈಕಣ್ಣ ಬಾಯಿ ತೆರೆಯುವುದನ್ನೇ ಕಡಿಮೆ ಮಾಡಿದರು. ಕೇಳಿದ್ದಕ್ಕೆ ತಲೆಯಾಡಿಸುವುದು, ಬೇಕಾದ್ದನ್ನು ಬೆರಳಿನಿಂದ ತೋರಿಸುವುದು, ಅಷ್ಟೇ.

ಎಲ್ಲರಿಗಿಂತ ಬೇಗ ಅವರ ಮಾತು ಮುಗಿಸುತ್ತಿದ್ದವಳು ಸೊಸೆ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜನ್ನು ಅಳತೆಗೆ ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಮಾವನೆಂದರೆ ಅವಳಿಗೆ ಪ್ರೀತಿಯಿತ್ತು. ಆ ಪ್ರೀತಿಗೆ ತಾಳ್ಮೆ ಮಾತ್ರ ಇರಲಿಲ್ಲ.

ಹೀಗಿರುವಾಗ ದೂರದ ಊರಿನಲ್ಲಿದ್ದ ಮೈಕಣ್ಣನ ತಂಗಿ ಒಂದು ದಿನ ಫೋನ್ ಮಾಡಿ ತಾನು ಮದುವೆಯಾಗುತ್ತಿರುವುದಾಗಿ ಹೇಳಿದಳು. ಗಂಡ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಬೀದಿಯ ತುದಿಯಲ್ಲಿ ಸೈಕಲ್ ರಿಪೇರಿ ಮಾಡುವ ಒಬ್ಬ ವಿಧುರನನ್ನು ಕೈಹಿಡಿಯುವವಳಿದ್ದಳು.

"ಅರವತ್ತಕ್ಕೆ ಅರಳು ಮರಳು ಅಂತ ಜನ ಅಂತಿದಾರೆ ಅಣ್ಣ," ಎಂದಳು. "ನನಗೆ ಸದ್ಯಕ್ಕೆ ಅರಳಿದ್ದಷ್ಟೇ ಗೊತ್ತಾಗಿದೆ. ಮರಳು ಇನ್ನೂ ಬಂದಿಲ್ಲ. ಅದು ಬರೋದ್ರೊಳಗೆ ನೀನು ಬಾ. ನಮ್ಮ ಕಡೆಯೋರು ಅಂತ ನನಗಿರೋದು ನೀನೊಬ್ಬನೇ."

ಮೈಕಣ್ಣ ಫೋನನ್ನು ಕಿವಿಗೆ ಒತ್ತಿಕೊಂಡು, "ಬ...ರ್ತೀನಿ" ಎಂದರು. ಅಷ್ಟು ಹೇಳಲು ಹಿಡಿದಷ್ಟು ಹೊತ್ತೂ ತಂಗಿ ಆ ಕಡೆ ಸುಮ್ಮನೆ ಕಾದಳು.

ಮಗನಿಗೆ ರಜೆ ಸಿಗಲಿಲ್ಲ. ರೈಲಿನಲ್ಲಿ ಅಷ್ಟು ದೂರದ ಪ್ರಯಾಣ ಬೇಡವೆಂದು ವೈದ್ಯರು ಹೇಳಿದ್ದರು. ಕೊನೆಗೆ ಮಾವ ಸೊಸೆ ಇಬ್ಬರೂ ವಿಮಾನದಲ್ಲಿ ಹೊರಟರು. ಬೆಳಿಗ್ಗೆಯ ವಿಮಾನ ಹಿಡಿದರೆ ಮಧ್ಯಾಹ್ನದೊಳಗೆ ತಂಗಿಯ ಮನೆ. ಸಂಜೆಗೆ ಮುಂಚೆ ನೋಂದಣಿ ಕಚೇರಿಯಲ್ಲಿ ಸಹಿ, ಆಮೇಲೆ ಮನೆಯ ಹಿತ್ತಿಲಲ್ಲಿ ಊಟ.

ವಿಮಾನ ಹತ್ತಿ ಕೂತ ಮೇಲೆ ಸೊಸೆ ಮಾವನ ಕನ್ನಡಕ ಮಬ್ಬಾಗಿರುವುದನ್ನು ನೋಡಿದಳು. ಅಂಗಡಿಯಿಂದ ತಂದಿದ್ದ ಗಾಜು ಒರೆಸುವ ದ್ರವ ಅವಳ ಕೈಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಚಿಕ್ಕ ಶೀಶೆ, ಒಳಗಿರುವುದು ಹೆಚ್ಚುಪಾಲು ಸ್ಪಿರಿಟ್. ಮದುವೆ ಮನೆಗೆ ಹೋಗುವವರು ಲಕ್ಷಣವಾಗಿರಲಿ ಎಂದು ಅದನ್ನು ತೆಗೆದು ಒರೆಸಲು ಹೋದಾಗ ಹಿಂದಿನಿಂದ ಬಂದವರೊಬ್ಬರ ಚೀಲ ತಾಗಿ ಶೀಶೆ ಓರೆಯಾಯಿತು. ಅರ್ಧ ದ್ರವ ಮಾವನ ಕೋಟಿನ ಎದೆಯ ಮೇಲೆ ಚೆಲ್ಲಿತು.

"ಅಯ್ಯೋ, ಆರಿಹೋಗುತ್ತೆ ಬಿಡಿ ಮಾವ," ಎಂದು ಕರವಸ್ತ್ರದಿಂದ ಒತ್ತಿ, ಕೈಪೆಟ್ಟಿಗೆಗೆ ಜಾಗ ಹುಡುಕಿಕೊಂಡು ಹಿಂದಿನ ಸಾಲುಗಳ ಕಡೆ ಹೋದಳು. ಮೇಲಿನ ಗೂಡುಗಳೆಲ್ಲ ಭರ್ತಿಯಾಗಿದ್ದವು. ಅವಳು ಹಿಂದೆ ಹೋದಷ್ಟೂ ಹತ್ತುವ ಜನ ನಡುದಾರಿಯಲ್ಲಿ ತುಂಬಿಕೊಂಡು ಅವಳು ಅಲ್ಲೇ ಸಿಕ್ಕಿಬಿದ್ದಳು.

ಇತ್ತ ಮೈಕಣ್ಣನಿಗೆ ಮಾತ್ರೆ ನುಂಗುವ ಹೊತ್ತಾಗಿತ್ತು. ಹಾದುಹೋಗುತ್ತಿದ್ದ ಗಗನಸಖಿಯನ್ನು ಕರೆದು ನೀರು ಕೇಳಿದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಅವಳು. ಎರಡು ಸಲ ಬಗ್ಗಿ ಕೇಳಿದರೂ ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ಕೋಟಿನಿಂದ ಬರುತ್ತಿದ್ದ ಘಾಟು ಮಾತ್ರ. ಮೈಕಣ್ಣ ಸೊಸೆ ಎಲ್ಲಿದ್ದಾಳೆಂದು ನೋಡಲು ಎದ್ದರು. ಎದ್ದವರು ವಾಲಿದರು. ಆಸರೆಗೆ ಚಾಚಿದ ಕೈ ಮುಂದಿನ ಸೀಟಿನವನ ಹೆಗಲ ಮೇಲೆ ಬಿತ್ತು.

ಆ ಮನುಷ್ಯ ಹೆಗಲು ಕೊಡವಿಕೊಂಡು, "ಬೆಳಿಗ್ಗೆ ಬೆಳಿಗ್ಗೆ ಏರಿಸಿಕೊಂಡು ಬಂದಿದಾರೆ. ಇಂಥೋರನ್ನ ಹೇಗೆ ಹತ್ತಿಸಿಕೊಳ್ತೀರಿ?" ಎಂದ.

ಗಗನಸಖಿ ಮೈಕಣ್ಣನ ಮುಖಕ್ಕೆ ಮುಖ ಕೊಟ್ಟು ಕೇಳಿದಳು. "ಸರ್, ನೀವು ಕುಡಿದಿದ್ದೀರಾ?"

"ಕುಡಿದಿಲ್ಲ" ಎನ್ನಬೇಕಿತ್ತು. ಆತಂಕವಾದಾಗ ಅವರ ನಾಲಿಗೆ ಇನ್ನಷ್ಟು ಕಟ್ಟಿಕೊಳ್ಳುತ್ತಿತ್ತು. "ಕುಡಿ... ಕುಡಿದಿ..." ಎನ್ನುವಲ್ಲಿಗೆ ಮಾತು ನಿಂತಿತು. ಮಿಕ್ಕ ಅಕ್ಷರಗಳನ್ನು ಅವರು ಎಳೆದು ತರುವಷ್ಟರಲ್ಲಿ ಹುಡುಗಿ ಮುಂದಕ್ಕೆ ಹೋಗಿಯಾಗಿತ್ತು. ಅವಳು ತನ್ನ ಮೇಲಿನವಳಿಗೆ ಹೇಳಿದಳು, ಮೇಲಿನವಳು ಒಮ್ಮೆ ಬಂದು ಮೂಸಿ ನೋಡಿ ಕ್ಯಾಪ್ಟನ್‌ಗೆ ಹೇಳಿದಳು. ಕ್ಯಾಪ್ಟನ್ ಮೈಕಣ್ಣನನ್ನು ನೋಡಲೂ ಇಲ್ಲ. ಇಳಿಸಿ ಎಂದರು.

ಸೊಸೆ ಜನರನ್ನು ಸರಿಸಿಕೊಂಡು ಬಂದಾಗ ಸಮವಸ್ತ್ರದ ಇಬ್ಬರು ಮಾವನ ಅಕ್ಕಪಕ್ಕ ನಿಂತಿದ್ದರು.

"ಏನಾಯ್ತು? ಅವರಿಗೆ ಲಕ್ವ ಹೊಡೆದಿತ್ತು. ಅದಕ್ಕೇ ಮಾತು ಹಾಗೆ. ಅವರು ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದೋರಲ್ಲ. ಆ ವಾಸನೆ ನಾನು ಚೆಲ್ಲಿದ ಸ್ಪಿರಿಟ್‌ದು," ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ದನಿ ಏರಿತು. ಅದು ಏರಿದಷ್ಟೂ ಅವರ ಮುಖ ಗಂಟಾಯಿತು.

"ಕ್ಯಾಪ್ಟನ್ ನಿರ್ಧಾರ ಆಗಿಹೋಗಿದೆ ಮೇಡಂ. ಏನಿದ್ರೂ ಕೆಳಗಡೆ ಮಾತಾಡೋಣ."

"ಕೆಳಗಡೆ ಮಾತಾಡೋಕೆ ನಾವು ಮೇಲೆ ಯಾಕೆ ಹತ್ತಬೇಕಿತ್ತು?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಯಾರೋ ಫೋನೆತ್ತಿ ಚಿತ್ರ ಹಿಡಿಯತೊಡಗಿದರು. ಮೈಕಣ್ಣ ಸೊಸೆಯ ತೋಳು ಹಿಡಿದು ಬಾಗಿಲ ಕಡೆ ನಡೆದರು. ಮುಖ ಕೆಂಪಗಾಗಿತ್ತು. ಇಷ್ಟು ಜನರ ನಡುವೆ ತಲೆ ತಗ್ಗಿಸಿಕೊಂಡು ಅವರು ಎಂದೂ ನಡೆದಿರಲಿಲ್ಲ. ಅವರು ಕಟ್ಟಡದೊಳಗೆ ಬಂದು ಕಿಟಕಿಯಿಂದ ನೋಡುವ ಹೊತ್ತಿಗೆ ವಿಮಾನ ಹಿಂದಕ್ಕೆ ಸರಿಯುತ್ತಿತ್ತು.

ಅವರನ್ನು ಕರೆದುಕೊಂಡು ಹೋದದ್ದು ಡ್ಯೂಟಿ ಮ್ಯಾನೇಜರ್ ಕೋಣೆಗೆ. ಕಿಟಕಿಯಿಲ್ಲದ ಕೋಣೆ. ಮೂಲೆಯಲ್ಲಿ ಹಿಡಿ ಮುರಿದ ಪೆಟ್ಟಿಗೆಗಳ ಗುಡ್ಡೆ, ಮೇಜಿನ ಮೇಲೆ ತಣ್ಣಗಾದ ಚಹಾ. ಮ್ಯಾನೇಜರಮ್ಮ ನಡುವಯಸ್ಸು ದಾಟಿದವರು. ಕನ್ನಡಕದ ಒಂದು ಕಡ್ಡಿ ಕಳಚಿಹೋಗಿದ್ದರಿಂದ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಕಂಪ್ಯೂಟರ್ ನೋಡುತ್ತಿದ್ದರು. ಮೊದಲು ವಿಮಾನ ನಿಲ್ದಾಣದ ಡಾಕ್ಟರನ್ನು ಕರೆಸಿದರು. ಡಾಕ್ಟರು ಮೈಕಣ್ಣನಿಂದ ಒಂದು ಕೊಳವೆಯೊಳಗೆ ಊದಿಸಿ, ಕಣ್ಣು ನೋಡಿ, ನಾಡಿ ನೋಡಿ, "ಕುಡಿತವೂ ಇಲ್ಲ, ಏನೂ ಇಲ್ಲ. ಹಳೆಯ ಪಾರ್ಶ್ವವಾಯು ಅಷ್ಟೇ. ಆರಾಮಾಗಿ ಪ್ರಯಾಣ ಮಾಡಬಹುದು," ಎಂದು ಹೇಳಿ ಹೋದರು.

"ಆಯ್ತಲ್ಲ?" ಎಂದಳು ಸೊಸೆ. "ಈಗ ಹೇಳಿ. ಟಿಕೆಟ್ ತಗೊಂಡಿದೀವಿ, ಸೀಟು ನಮ್ಮದು. ಕೂತಿದ್ದೋರನ್ನ ಎಬ್ಬಿಸಿ ಇಳಿಸಬಹುದು ಅಂತ ಯಾವ ಕಾನೂನಲ್ಲಿದೆ?"

"ಇದೆಯಮ್ಮ," ಎಂದರು ಮ್ಯಾನೇಜರಮ್ಮ. "ಕೇಳೋಕೆ ಬೇಜಾರಾಗುತ್ತೆ, ಆದ್ರೂ ಇದ್ದದ್ದು ಹೇಳ್ತೀನಿ. ಟಿಕೆಟ್ ಅಂದ್ರೆ ಸೀಟು ನಿಮ್ಮ ಸ್ವಂತ ಆಯ್ತು ಅಂತಲ್ಲ. ಕರ್ಕೊಂಡು ಹೋಗ್ತೀವಿ ಅಂತ ನಾವು ಕೊಟ್ಟ ಮಾತು ಅದು. ಆ ಮಾತಿಗೆ ಷರತ್ತುಗಳಿವೆ. ಯಾರಿಂದಾದ್ರೂ ಬೇರೆಯೋರಿಗೆ ಅಪಾಯ ಅಂತ ಕ್ಯಾಪ್ಟನ್‌ಗೆ ಅನ್ನಿಸಿದ್ರೆ ಇಳಿಸಬಹುದು. ವಿಮಾನದೊಳಗೆ ಅವರ ಮಾತೇ ಕೊನೆ."

"ಅನ್ನಿಸಿದ್ರೆ ಸಾಕಾ?"

"ಅನ್ನಿಸೋಕೆ ಕಾರಣ ಇರಬೇಕು. ಕಾರಣ ಸರಿಯಾಗಿತ್ತಾ ಇಲ್ವಾ ಅಂತ ಆಮೇಲೆ ಕೇಳಬಹುದು, ದೂರು ಕೊಡಬಹುದು."

"ಆಮೇಲೆ ಅಲ್ವಾ? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಇವತ್ತು ನಮ್ಮತ್ತೆ ಮದುವೆ ಇದೆ, ಅಂದ್ರೆ ಇವರ ತಂಗಿ ಮದುವೆ. ಇವರಿಗೆ ಎಷ್ಟು ಅವಮಾನ ಆಯ್ತು ಗೊತ್ತಾ? ಇವರು ಏನು ಹೇಳ್ತಾರೆ ಅಂದ್ರೆ..."

ಮೈಕಣ್ಣ ಏನನ್ನೂ ಹೇಳಿರಲಿಲ್ಲ. ಬಾಯಿ ತೆರೆದಿದ್ದರು ಅಷ್ಟೇ. ಸೊಸೆ ಅವರ ಪರವಾಗಿ ಹೇಳುತ್ತಾ ಹೋದಳು. ಅವರು ಎಷ್ಟು ನೊಂದರು, ಅವರಿಗೆ ಏನು ಪರಿಹಾರ ಬೇಕು, ಯಾರು ಕ್ಷಮೆ ಕೇಳಬೇಕು, ಎಲ್ಲವನ್ನೂ. ಹೇಳುತ್ತಲೇ ಅವಳ ಕಣ್ಣು ಮ್ಯಾನೇಜರಮ್ಮನ ಕನ್ನಡಕದ ಮೇಲೆ ಹೋಗಿ ಹೋಗಿ ನಿಲ್ಲುತ್ತಿತ್ತು. ಕೊನೆಗೆ ತಡೆಯಲಾರದೆ, "ಕೊಡಿ ಇಲ್ಲಿ ಅದನ್ನ. ನೋಡೋಕಾಗ್ತಿಲ್ಲ ನನಗೆ," ಎಂದು ಕೈ ಚಾಚಿದಳು.

ಕಡ್ಡಿಯ ತಿರುಪು ಬಿದ್ದುಹೋಗಿತ್ತು. ಸೊಸೆ ಮೇಜಿನ ಮೇಲಿದ್ದ ಸ್ಟೇಪ್ಲರ್ ಪಿನ್ನೊಂದನ್ನು ನೆಟ್ಟಗೆ ಮಾಡಿ, ಒಂದು ತುದಿಯನ್ನು ತುಟಿಗಳ ನಡುವೆ ಹಿಡಿದು, ಚೌಕಟ್ಟಿನ ತೂತಿಗೆ ಕಡ್ಡಿಯ ತೂತು ಕೂರಿಸತೊಡಗಿದಳು. ಉಸಿರು ಬಿಗಿಹಿಡಿದು ಮಾಡುವ ಕೆಲಸ ಅದು. ಬಾಯಿಗೆ ಆಗ ಬಿಡುವಿರಲಿಲ್ಲ.

ಆಗ ಮೈಕಣ್ಣ ಅಂಗೈಯನ್ನು ಮೇಜಿನ ಮೇಲೆ ಮೆಲ್ಲಗೆ ಊರಿ, "ನಾ...ನು. ಮಾ...ತಾಡ್ತೀನಿ," ಎಂದರು.

ಮ್ಯಾನೇಜರಮ್ಮ ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡು ಕೂತರು. ಗಡಿಯಾರ ನೋಡಲಿಲ್ಲ. ಮೈಕಣ್ಣ ಒಂದೊಂದೇ ಪದವನ್ನು ಹೊರಗೆ ತಂದರು. ಮೆಟ್ಟಿಲ ಮೇಲೆ ಭಾರದ ಮೂಟೆ ಇಳಿಸುವವರಂತೆ ಪ್ರತಿ ಪದಕ್ಕೂ ನಿಂತು, ಉಸಿರು ತೆಗೆದುಕೊಂಡು, ಮುಂದಿನದಕ್ಕೆ ಹೋದರು. ಅವರು ಹೇಳಿದ್ದು ಇಷ್ಟು: ಇಳಿಸುವ ಹಕ್ಕು ನಿಮಗಿದೆ, ಒಪ್ಪಿದೆ. ನಾನೂ ರೈಲ್ವೆಯಲ್ಲಿ ಕೆಲಸ ಮಾಡಿದವನು. ಕುಡಿದು ಗಲಾಟೆ ಮಾಡಿದವರನ್ನು ಇಳಿಸಿದ್ದನ್ನು ಕಂಡಿದ್ದೇನೆ. ಆ ಹುಡುಗಿ ನನ್ನನ್ನು ಪ್ರಶ್ನೆ ಕೇಳಿದಳು, ಅದೂ ಸರಿ. ಉತ್ತರ ಮುಗಿಯುವವರೆಗೆ ಕಾಯಲಿಲ್ಲ. ನನ್ನ ದೂರು ಅದೊಂದೇ.

ಸೊಸೆಯ ಕೈ ನಿಂತಿತು. ಪಿನ್ನು ಕೂತಾಗಿತ್ತು, ತುದಿ ಮಡಿಸುವುದಷ್ಟೇ ಬಾಕಿ. ಆದರೂ ಅವಳು ತಲೆಯೆತ್ತಲಿಲ್ಲ. ಮಾವ ಇಷ್ಟು ಉದ್ದದ ಮಾತಾಡಿದ್ದನ್ನು ಕಾಯಿಲೆಯಾದ ಮೇಲೆ ಅವಳು ಕೇಳಿಯೇ ಇರಲಿಲ್ಲ. ಅವರಿಗೆ ಏನು ಬೇಕೆಂದು ತಾನು ಅಷ್ಟು ಹೊತ್ತು ಹೇಳಿದ್ದರಲ್ಲಿ ಇದು ಇರಲೇ ಇಲ್ಲ.

"ತಪ್ಪಾಗಿದೆ," ಎಂದರು ಮ್ಯಾನೇಜರಮ್ಮ. "ಕಂಪನಿ ಪರವಾಗಿ ಆಮೇಲೆ ಯಾರು ಏನು ಹೇಳ್ತಾರೋ, ಈಗ ನಾನು ಹೇಳ್ತಿದೀನಿ. ತಪ್ಪಾಗಿದೆ. ನಿಮ್ಮನ್ನ ಹೇಗಾದ್ರೂ ಮಾಡಿ ಇವತ್ತೇ ಕಳಿಸ್ತೀನಿ."

ಅದು ಹೇಳಿದಷ್ಟು ಸುಲಭವಾಗಿರಲಿಲ್ಲ. ಆ ಊರಿಗೆ ದಿನಕ್ಕೆ ಎರಡೇ ವಿಮಾನ. ಮಧ್ಯಾಹ್ನದ್ದು ಪೂರ್ತಿ ಭರ್ತಿಯಾಗಿತ್ತು. ಕೊನೆಗಳಿಗೆಯಲ್ಲಿ ಕೆಲವರು ಬರುವುದಿಲ್ಲವೆಂಬ ಅಂದಾಜಿನ ಮೇಲೆ ಕಂಪನಿಯವರು ಇರುವ ಸೀಟುಗಳಿಗಿಂತ ಹೆಚ್ಚು ಟಿಕೆಟ್ ಮಾರುವುದುಂಟು. ಆ ದಿನ ಯಾರೂ ತಪ್ಪಿಸಿಕೊಂಡಂತೆ ಕಾಣಲಿಲ್ಲ. ಸರಿಹೋದ ಕನ್ನಡಕ ಹಾಕಿಕೊಂಡು ಮ್ಯಾನೇಜರಮ್ಮ ಕಂಪ್ಯೂಟರನ್ನು ಮೇಲೆ ಕೆಳಗೆ ನೋಡಿದರು.

"ಒಂದು ದಾರಿ ಇದೆ," ಎಂದರು. "ಸೀಟು ಸಾಲದೇ ಇದ್ದಾಗ ಕೊನೇಲಿ ಬಂದೋರನ್ನ ನಾವು ಬಿಟ್ಟು ಹೋಗಬಹುದು. ಪರಿಹಾರ ಕೊಟ್ಟು ನಾಳೆ ಕಳಿಸಬಹುದು. ಅದೂ ಷರತ್ತಿನಲ್ಲೇ ಇದೆ. ಆ ಹಕ್ಕು ಉಪಯೋಗಿಸಿ ಇಬ್ಬರನ್ನ ತೆಗೀತೀನಿ. ನೀವಿಬ್ಬರೂ ಹೋಗಿ."

ಸೊಸೆ "ಹಾಗೇ ಮಾಡಿ" ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಮೈಕಣ್ಣ ತಲೆಯಾಡಿಸಿದರು.

"ಬೇ...ಡ."

"ಮಾವ, ಸುಮ್ಮನಿರಿ. ಅವರಾಗೇ ಕೊಡ್ತಿದಾರೆ."

"ಬೇಡ ಕ...ಣಮ್ಮ. ಬೆಳಿಗ್ಗೆ ನನ್ನನ್ನ ಇಳಿಸಿದ್ರು. ಈಗ ನ...ನಗೋಸ್ಕರ ಇನ್ನೊಬ್ಬರನ್ನ ಇಳಿಸೋದಾ?"

"ಹಾಗಾದ್ರೆ ಮದುವೆ?"

ಮೈಕಣ್ಣ ಮ್ಯಾನೇಜರಮ್ಮನ ಕಡೆ ತಿರುಗಿದರು. "ಕೇ...ಳೋಣ," ಎಂದರು. "ಯಾರಾದ್ರೂ ತಾವಾಗೇ ಕೊಡ್ತಾರಾ ಅಂತ."

ಮಧ್ಯಾಹ್ನದ ವಿಮಾನಕ್ಕೆ ಜನ ಸೇರುವ ಹೊತ್ತಿಗೆ ಮೂವರೂ ಗೇಟಿನ ಬಳಿ ಬಂದರು. ಕುರ್ಚಿಗಳೆಲ್ಲ ತುಂಬಿದ್ದವು. ಕೆಲವರು ಚೀಲಕ್ಕೆ ಒರಗಿ ತೂಕಡಿಸುತ್ತಿದ್ದರು, ಕೆಲವರು ಗೋಡೆಯ ಬುಡದಲ್ಲಿ ಫೋನಿಗೆ ಚಾರ್ಜು ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದರು. ಮ್ಯಾನೇಜರಮ್ಮ ಮೈಕು ತೆಗೆದುಕೊಂಡು, ಇಬ್ಬರು ಪ್ರಯಾಣಿಕರು ಸ್ವಇಚ್ಛೆಯಿಂದ ತಮ್ಮ ಸೀಟು ಬಿಟ್ಟುಕೊಟ್ಟರೆ ನಾಳೆಯ ವಿಮಾನದಲ್ಲಿ ಜಾಗ, ಇವತ್ತು ತಂಗಲು ಹೋಟೆಲು, ಜೊತೆಗೆ ಪರಿಹಾರ ಕೊಡುವುದಾಗಿ ಹೇಳಿದರು. ಅವರ ದನಿ ಸ್ಪಷ್ಟವಾಗಿತ್ತು. ಆದರೆ ಅಂಥ ಮಾತು ಕೇಳಿ ಕೇಳಿ ಜನರ ಕಿವಿ ದಡ್ಡುಗಟ್ಟಿತ್ತು. ಒಬ್ಬರೂ ತಲೆಯೆತ್ತಲಿಲ್ಲ. ಇನ್ನೊಂದು ಸಲ ಹೇಳಿದರು. ಒಂದು ಮಗು ಮಾತ್ರ ನೋಡಿತು.

ಮೈಕಣ್ಣ ಕೈ ಮುಂದೆ ಮಾಡಿದರು. "ನಾನು ಕೇ...ಳ್ತೀನಿ."

ಮ್ಯಾನೇಜರಮ್ಮ ಸೊಸೆಯ ಮುಖ ನೋಡಿದರು. ಸೊಸೆಗೆ ಅಳುಕಾಯಿತು. ಬೆಳಗಿನಿಂದ ಆದ ಅವಮಾನ ಸಾಲದೆಂದು ಇನ್ನೂ ಇಷ್ಟು ಜನರೆದುರು ನಗೆಪಾಟಲಾದರೆ ಮಾವ ಮತ್ತೆ ಬಾಯಿಯನ್ನೇ ತೆರೆಯಲಾರರು. ಮೈಕು ತಾನೇ ಇಸಿದುಕೊಂಡರೆ ಎರಡು ನಿಮಿಷದ ಕೆಲಸ. ಆದರೂ ಅವಳು ಕೈಗಳನ್ನು ಹಿಂದೆ ಕಟ್ಟಿಕೊಂಡಳು. "ಕೊಡಿ ಅವರಿಗೆ," ಎಂದಳು.

ಮೈಕಣ್ಣ ಮೈಕನ್ನು ಬಾಯಿಂದ ಒಂದು ಗೇಣು ದೂರಕ್ಕೆ, ಸ್ವಲ್ಪ ಓರೆಯಾಗಿ ಹಿಡಿದರು. ಅದನ್ನು ಮಾತ್ರ ಅವರ ಕೈ ಮರೆತಿರಲಿಲ್ಲ.

"ಪ್ರ...ಯಾಣಿಕರೇ," ಎಂದರು.

ಎರಡು ಮೂರು ತಲೆಗಳು ಎದ್ದವು. ಇದು ದಿನಾ ಕೇಳುವ ದನಿಯಲ್ಲ.

"ನನಗೆ ಲಕ್ವ ಹೊ...ಡೆದಿತ್ತು. ಮಾತು ನಿ...ಧಾನ. ಸ್ವಲ್ಪ ಕಾ...ಯ್ರಿ." ಅವರು ಉಸಿರು ತೆಗೆದುಕೊಂಡರು. "ಬೆಳಿಗ್ಗೆ ನಾ...ನು ಕುಡಿದಿದೀನಿ ಅಂತ ವಿಮಾನದಿಂದ ಇ...ಳಿಸಿದ್ರು. ಕುಡಿದಿ...ರಲಿಲ್ಲ. ಇವತ್ತು ನನ್ನ ತಂಗಿ... ನನ್ನ ತಂಗಿಯ ಮ... ಮ..."

ಪದ ಸಿಕ್ಕಿಕೊಂಡಿತು. ಕುರ್ಚಿಗಳಲ್ಲಿ ಕೂತಿದ್ದವರೆಲ್ಲ ಈಗ ಅವರನ್ನೇ ನೋಡುತ್ತಿದ್ದರು. ಸೊಸೆಯ ನಾಲಿಗೆಯ ತುದಿಯಲ್ಲಿ ಆ ಪದ ಕುಣಿಯುತ್ತಿತ್ತು. ಹಲ್ಲು ಕಚ್ಚಿ ಹಿಡಿದಳು. ಮುಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು "ಮನೆಯಾ?" ಎಂದಳು. ಪಕ್ಕದವಳು ಅವಳ ಮೊಣಕೈ ತಿವಿದಳು.

"ಮ...ದುವೆ," ಎಂದರು ಮೈಕಣ್ಣ. "ಅರವತ್ತು ಅ...ವಳಿಗೆ. ಅವಳ ಕಡೆಯೋನು ನಾ...ನೊಬ್ಬನೇ. ಯಾರಿಗಾದ್ರೂ ಅವಸರ ಇ...ಲ್ಲದಿದ್ರೆ ಸೀಟು ಕೊ...ಡಿ. ಬಲವಂತ ಇ...ಲ್ಲ. ನಮ...ಸ್ಕಾರ."

ಮೈಕನ್ನು ಕೆಳಗಿಟ್ಟರು. ಹಣೆಯಲ್ಲಿ ಬೆವರು ಹನಿಯಾಗಿ ನಿಂತಿತ್ತು. ಆಮೇಲೆ ಕಿಟಕಿಯ ಪಕ್ಕದಿಂದ ಒಬ್ಬ ದಪ್ಪ ಮನುಷ್ಯ ಮೊಣಕಾಲಿಗೆ ಕೈಕೊಟ್ಟು ಎದ್ದ. ಅವನ ಒಂದು ಕೆನ್ನೆ ಊದಿಕೊಂಡಿತ್ತು.

"ನನ್ನ ಸೀಟು ತಗೊಳ್ಳಿ," ಎಂದ. "ನಾನು ಹೋಗ್ತಿರೋದು ನನ್ನ ಅಳಿಯನ ಹತ್ರ ಹಲ್ಲು ಕೀಳಿಸಿಕೊಳ್ಳೋಕೆ. ಅವನು ಹಲ್ಲಿನ ಡಾಕ್ಟರು. ಒಂದು ದಿನ ತಡವಾದ್ರೆ ಹಲ್ಲಿಗೂ ಸಂತೋಷ, ನನಗೂ ಸಂತೋಷ."

ಗೇಟಿನ ತುಂಬ ನಗು ಹರಡಿತು. ಬೆಳಗಿನ ನಗುವಿನಂತಿರಲಿಲ್ಲ ಅದು. ಮೈಕಣ್ಣನೂ ನಕ್ಕರು.

ಇನ್ನೊಂದು ಸೀಟು ಸಿಗಲಿಲ್ಲ. ಒಬ್ಬ ಹೆಂಗಸು ಅರ್ಧ ಎದ್ದು, ಯಾರಿಗೋ ಫೋನ್ ಮಾಡಿ, ಮುಖ ಸಣ್ಣದು ಮಾಡಿಕೊಂಡು ಕೂತಳು. ಮಿಕ್ಕವರಿಗೆ ಅವರವರ ತಾಪತ್ರಯ. ಯಾರನ್ನೂ ದೂರುವಂತಿರಲಿಲ್ಲ. ಸೊಸೆ ಮಾವನನ್ನು ಒಂದು ಕಡೆಗೆ ಕರೆದಳು.

"ನೀವೊಬ್ಬರೇ ಹೇಗೆ ಹೋಗ್ತೀರಿ ಮಾವ? ಮತ್ತೆ ಯಾರಾದ್ರೂ ಏನಾದ್ರೂ ಕೇಳಿದ್ರೆ?"

"ಹೇ...ಳ್ತೀನಿ."

"ಅವರು ಕಾಯದೇ ಹೋದ್ರೆ?"

"ಕಾಯಿ ಅಂತ ಹೇ...ಳ್ತೀನಿ."

ಸೊಸೆ ಮಾತ್ರೆ, ನೀರು, ತಂಗಿಗೆಂದು ತಂದಿದ್ದ ಉಡುಗೊರೆಯ ಪೊಟ್ಟಣ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿಕೊಟ್ಟಳು. ಕೋಟಿನ ಎದೆಯನ್ನು ಮೂಸಿ ನೋಡಿದಳು. ವಾಸನೆ ಹೋಗಿತ್ತು. ಮ್ಯಾನೇಜರಮ್ಮ ತಾವೇ ಮೈಕಣ್ಣನ ಜೊತೆ ವಿಮಾನದ ಬಾಗಿಲವರೆಗೆ ನಡೆದರು. ಅಲ್ಲಿ ನಿಂತಿದ್ದ ಗಗನಸಖಿಗೆ ಅವರೇನೂ ಹೇಳಲು ಹೋಗಲಿಲ್ಲ. ಮೈಕಣ್ಣನೇ ತಮ್ಮ ಕಾಯಿಲೆಯನ್ನೂ ತಮಗೆ ಕುಡಿಯಲು ನೀರು ಬೇಕಾಗಿರುವುದನ್ನೂ ಹೇಳಿದರು. ಅವಳು ಕೇಳಿ ಮುಗಿಸಿ, ಹಿಂದೆ ನಿಂತ ಸಾಲನ್ನು ಒಂದು ಗಳಿಗೆ ತಡೆದು, ನೀರು ತಂದುಕೊಟ್ಟಳು.

ಸಹಿ ಹಾಕುವ ಹೊತ್ತಿಗೆ ಮೈಕಣ್ಣ ತಲುಪಲಾಗಲಿಲ್ಲ. ನೋಂದಣಿ ಕಚೇರಿ ಯಾರಿಗೂ ಕಾಯುವುದಿಲ್ಲ. ಅವರು ಮನೆ ಮುಟ್ಟಿದಾಗ ಹಿತ್ತಿಲಲ್ಲಿ ಮೇಜು ಹಾಕಿ, ತಟ್ಟೆ ಜೋಡಿಸಿ, ಬಂದವರೆಲ್ಲ ಹಸಿದು ಕೂತಿದ್ದರು. ಮದುಮಗಳು ಗೇಟಿನವರೆಗೆ ಓಡಿ ಬಂದಳು. ಮೈಕಣ್ಣ "ತ...ಡ ಆಯ್ತು" ಎಂದು ಶುರು ಮಾಡಿದರು.

"ಸಹಿಗೆ ನಿನ್ನ ಕೈ ಬೇಕಿರಲಿಲ್ಲ ಬಿಡಣ್ಣ," ಎಂದಳು ತಂಗಿ, ಅವರ ತೋಳಿಗೆ ತೋಳು ಸೇರಿಸಿ. "ಊಟಕ್ಕೆ ನಿನ್ನ ಬಾಯಿ ಬೇಕಿತ್ತು. ಬಾ."

ಸೊಸೆ ಮರುದಿನ ಬೆಳಿಗ್ಗೆಯ ವಿಮಾನದಲ್ಲಿ ಹೋದಳು. ಪಕ್ಕದ ಸೀಟಿನಲ್ಲಿ ಅದೇ ಹಲ್ಲುನೋವಿನ ಮನುಷ್ಯ. ದಾರಿಯುದ್ದಕ್ಕೂ ಅವನು ತನ್ನ ಹಲ್ಲಿನ ಕಥೆ ಹೇಳಿದ, ಅವಳು ಕೆನ್ನೆಗೆ ಬಿಸಿನೀರಿನ ಬಟ್ಟೆ ತರಿಸಿಕೊಟ್ಟಳು. ಇಳಿದ ಮೇಲೆ ಅವನು ಆಸ್ಪತ್ರೆಯ ದಾರಿ ಹಿಡಿಯದೆ, "ಮದುವೆ ಊಟ ಮಿಕ್ಕಿದೆಯಾ?" ಎಂದು ಕೇಳಿ ಅವಳ ಜೊತೆಗೇ ಬಂದ. ಒಂದೇ ಕಡೆಯ ಹಲ್ಲಿನಿಂದ ಅಗಿಯುತ್ತಾ ಹೊಸ ಮದುಮಗನ ಜೊತೆ ಹಳೆಯ ಸೈಕಲ್‌ಗಳ ಬಗ್ಗೆ ಮಧ್ಯಾಹ್ನದವರೆಗೆ ಹರಟಿದ.

ಊರಿಗೆ ಮರಳಿದ ಮೇಲೆ ಸೊಸೆ ಕಂಪನಿಗೆ ದೂರು ಬರೆದಳು. ಬರೆಯುವ ಮುಂಚೆ ಮಾವನನ್ನು ಕೂರಿಸಿಕೊಂಡು, "ನೀವು ಹೇಳಿ, ನಾನು ಬರೀತೀನಿ," ಎಂದಳು. ಒಂದು ಪುಟ ಮುಗಿಯಲು ಇಡೀ ಭಾನುವಾರ ಹಿಡಿಯಿತು. ಕೆಲವು ವಾರಗಳ ನಂತರ ಉತ್ತರ ಬಂತು. ಕ್ಯಾಪ್ಟನ್ ತಮಗಿರುವ ಅಧಿಕಾರದೊಳಗೇ ನಡೆದುಕೊಂಡಿದ್ದಾರೆ ಎಂದು ಮೊದಲ ಸಾಲಿನಲ್ಲಿಯೇ ಇತ್ತು. ಸೊಸೆಗೆ ಮೈ ಉರಿಯಿತು. ಆದರೆ ಕಾಗದ ಅಲ್ಲಿಗೆ ಮುಗಿದಿರಲಿಲ್ಲ. ಪ್ರಯಾಣಿಕರು ಪೂರ್ತಿ ಉತ್ತರ ಕೊಡುವ ಮೊದಲೇ ತೀರ್ಮಾನಕ್ಕೆ ಬಂದದ್ದು ತಪ್ಪು, ಕ್ಷಮಿಸಬೇಕು, ಹೊಸಬರ ತರಬೇತಿಗೆ ತಾವು ಒಮ್ಮೆ ಬರಬಹುದೇ ಎಂದು ಕೇಳಿದ್ದರು.

ಅದೇ ವಾರ ಆ ಕ್ಯಾಪ್ಟನ್ ಕೂಡ ಫೋನ್ ಮಾಡಿದರು. "ಇಳಿಸೋ ಹಕ್ಕು ನನ್ನದು. ಎದ್ದು ಬಂದು ನಿಮ್ಮನ್ನ ಒಂದ್ಸಲ ನೋಡಬೇಕಾಗಿತ್ತು, ಅದೂ ನನ್ನದೇ ಕೆಲಸ. ಅದನ್ನ ಮಾಡಲಿಲ್ಲ," ಎಂದರು. ಮೈಕಣ್ಣ ಅವರಿಗೆ ಉತ್ತರ ಕೊಡಲು ಸಾಕಷ್ಟು ಹೊತ್ತು ತೆಗೆದುಕೊಂಡರು. ಆ ಕಡೆಯಿಂದ ಫೋನು ಇಡಲಿಲ್ಲ.

ತರಬೇತಿಗೆ ಮೈಕಣ್ಣ ಹೋದರು. ಸೊಸೆ ಹೊರಗಿನ ಬೆಂಚಿನ ಮೇಲೆ ಕಾದಳು. ಮುಚ್ಚಿದ ಬಾಗಿಲಿನಾಚೆ ಮಾವನ ದನಿ, ಬಹಳ ಹೊತ್ತಿನ ಮೌನ, ಮತ್ತೆ ದನಿ, ಆಮೇಲೆ ಎಲ್ಲರ ನಗು. ಮುಗಿದ ಮೇಲೆ ಅವರ ಜೊತೆ ಹೊರಗೆ ಬಂದವಳು ಅದೇ ಹೊಸ ಹುಡುಗಿ, ಅಂದು ವಿಮಾನದಲ್ಲಿ ಪ್ರಶ್ನೆ ಕೇಳಿದ್ದವಳು. ಅವಳ ಕಣ್ಣು ಕೆಂಪಗಿತ್ತು, ಆದರೆ ಮುಖ ಗೆಲುವಾಗಿತ್ತು. ಸೊಸೆಗೆ ನಮಸ್ಕಾರ ಹೇಳಿ, ಮೈಕಣ್ಣನಿಗೆ, "ಮುಂದಿನ ತಿಂಗಳು ಬರ್ತೀರಿ ತಾನೇ?" ಎಂದು ಕೇಳಿ ನಿಂತಳು. ಮೈಕಣ್ಣ "ಬ...ರ್ತೀನಿ" ಎಂದು ಪೂರ್ತಿ ಹೇಳಿದ ಮೇಲೆಯೇ ಹೋದಳು.

ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು.

"ಒಳಗೆ ಏನಾಯ್ತು ಮಾವ? ಅಷ್ಟೊಂದು ಯಾಕೆ ನಕ್ಕರು?" ಎಂದು ಕೇಳಿದಳು ಸೊಸೆ.

ಮೈಕಣ್ಣ ಹೇಳತೊಡಗಿದರು. ಶುರುವಿನಿಂದ, ಯಾರು ಎಲ್ಲಿ ಕೂತಿದ್ದರು ಎನ್ನುವುದರಿಂದ. ಬಸ್ಸು ಸೇತುವೆ ದಾಟಿತು, ಮಾರುಕಟ್ಟೆ ದಾಟಿತು. ಅವರು ಇಳಿಯಬೇಕಾದ ನಿಲ್ದಾಣ ಬಂದು ಹೋಯಿತು. ಕಥೆ ಇನ್ನೂ ನಗುವಿನ ಜಾಗಕ್ಕೆ ಬಂದಿರಲಿಲ್ಲ. ಸೊಸೆ ಚೀಲವನ್ನು ಮಡಿಲಿಗೆ ಎಳೆದುಕೊಂಡು ಕೂತಳು. ಕಂಡಕ್ಟರ್ ಬಂದು, "ನಿಮ್ಮ ಸ್ಟಾಪ್ ಹೋಯ್ತಲ್ಲಮ್ಮ," ಎಂದಾಗ, ಮುಂದಿನ ಸ್ಟಾಪಿಗೆ ಟಿಕೆಟ್ ಕೊಡಿ ಎಂದು ಕೈಸನ್ನೆಯಲ್ಲೇ ತೋರಿಸಿದಳು.